ಮೂವತ್ತು ಡಿಗ್ರಿಯ ರೋಗಿ

ಹತ್ತೊಂಬತ್ತು ವರ್ಷದಿಂದ ನಾನು ಜಿರಳೆ ಕೊಲ್ಲುವ ಕೆಲಸದಲ್ಲಿದ್ದೇನೆ. ಮನೆ, ಹೋಟೆಲು, ಆಸ್ಪತ್ರೆ, ಗೋದಾಮು, ಎಲ್ಲಿ ಕರೆದರೂ ಬೆನ್ನಿಗೆ ಔಷಧಿಯ ಡಬ್ಬ ಕಟ್ಟಿಕೊಂಡು ಹೋಗಿ ಹೊಡೆದು ಬರುತ್ತೇನೆ. ನಮ್ಮ ಕಂಪನಿಯ ಅಂಗಿಯ ಬೆನ್ನಮೇಲೆ ಒಂದು ಜಿರಳೆ ಅಂಗಾತ ಬಿದ್ದು ಆರು ಕಾಲೂ ಮೇಲೆತ್ತಿಕೊಂಡಿರುವ ಚಿತ್ರವಿದೆ. ಅದು ಬೆನ್ನಿಗಿರುವುದರಿಂದ ನನಗೆ ಕಾಣುವುದಿಲ್ಲ. ನನ್ನ ಹಿಂದೆ ಮೆಟ್ಟಿಲು ಹತ್ತುವವರು ಮಾತ್ರ ನೋಡಿ ಧನ್ಯರಾಗುತ್ತಾರೆ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ನನ್ನ ನಾಲಿಗೆ ಸ್ವಲ್ಪ ಉದ್ದ. ನಮ್ಮ ಕಟ್ಟಡದ ಹನ್ನೆರಡು ಮನೆಯವರು ಸೇರಿದ್ದ ಒಂದು ಸಭೆಯಲ್ಲಿ ಅಡುಗೆಮನೆ ಜಿರಳೆಯ ಮಾತು ಬಂತು. ಎಲ್ಲರೂ ಗೋಳು ಹೇಳಿಕೊಳ್ಳುತ್ತಿದ್ದರು. ನಾನು ಎದ್ದು ನಿಂತು, "ನಮ್ಮ ಮನೇಲಿ ಜಿರಳೆಯದೊಂದು ಮೀಸೆ ತೋರಿಸಿ ಸಾಕು, ಈ ಕಟ್ಟಡವನ್ನೇ ಬಿಟ್ಟು ಹೋಗ್ತೀನಿ" ಅಂದೆ. ಚಪ್ಪಾಳೆ ಬಿತ್ತು. ನಮ್ಮ ಸಂಘದ ಅಧ್ಯಕ್ಷರು ನಿವೃತ್ತ ಅಂಚೆ ಅಧಿಕಾರಿ. ಯಾವುದನ್ನೂ ಬರೆಯದೆ ಬಿಡುವ ಪೈಕಿಯಲ್ಲ. ನನ್ನ ಮಾತನ್ನು ಸಭೆಯ ಪುಸ್ತಕದಲ್ಲಿ ಬರೆದು, ಕೆಳಗೆ ನನ್ನ ಸಹಿಯನ್ನೂ ಹಾಕಿಸಿಕೊಂಡರು.

ಅದಾದ ಎಂಟನೆಯ ದಿನ ನನ್ನ ಹೆಂಡತಿ ಮುನ್ನೂರು ಜಿರಳೆ ಮನೆಗೆ ತಂದಳು.

ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಅವರ ಶಾಲೆಯ ಪ್ರಯೋಗಾಲಯದಲ್ಲಿ ಒಂದು ಓತಿಕ್ಯಾತ ಇತ್ತು. ನಮ್ಮ ಬೇಲಿಯ ಮೇಲೆ ತಲೆ ಆಡಿಸುವ ಜಾತಿಯದಲ್ಲ, ಯಾವುದೋ ಮರಳುಗಾಡಿನದು, ಮೊಳದುದ್ದ. ಸಿಟ್ಟು ಬಂದರೆ ಗಲ್ಲದ ಕೆಳಗಿನ ಮುಳ್ಳುಗಡ್ಡ ಕಪ್ಪಗೆ ಉಬ್ಬುತ್ತಿತ್ತು. ಆದ್ದರಿಂದ ಮಕ್ಕಳು ಅದಕ್ಕೆ ಹೆಡ್‌ಮಾಸ್ಟರ್ ಎಂದು ಹೆಸರಿಟ್ಟಿದ್ದರು. ರಜೆಯಲ್ಲಿ ನೋಡಿಕೊಳ್ಳಬೇಕಿದ್ದವರು ಬರೀ ಎಲೆಕೋಸು ಹಾಕಿ ಹಾಕಿ ಅದು ಸೊರಗಿ ಕಡ್ಡಿಯಾಗಿತ್ತು. ಇನ್ನು ಉಳಿಯುವುದಿಲ್ಲ ಎಂದು ಶಾಲೆಯವರು ಕೈ ಚೆಲ್ಲಿದ ಮೇಲೆ ಇವಳು ಮನೆಗೆ ಎತ್ತಿಕೊಂಡು ಬಂದಳು. ಅದರ ಜೊತೆಗೆ ಅದರ ಊಟ, ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ.

"ಇವು ಅಡುಗೆಮನೆ ಜಿರಳೆ ಅಲ್ಲ ರೀ" ಅಂದಳು. "ನುಣ್ಣನೆ ಗೋಡೆ ಹತ್ತೋಕೆ ಬರಲ್ಲ. ಹಾರಲ್ಲ. ಮೊಟ್ಟೆ ಬಿಟ್ಟು ಹೋಗಲ್ಲ, ನೇರ ಮರೀನೇ ಹಾಕ್ತವೆ. ಬಹಳ ಸಾಧು."

"ಸಾಧುವೋ ಸನ್ಯಾಸಿಯೋ, ನಾನು ಸಹಿ ಹಾಕಿದ್ದೀನಲ್ಲೇ."

"ಸಹಿ ಹಾಕೋವಾಗ ನನ್ನ ಕೇಳಿದ್ರಾ?"

ಕೇಳಿರಲಿಲ್ಲ. ಡಬ್ಬ ಹಿಂದಿನ ಕೋಣೆ ಸೇರಿತು.

ಮೂರನೆಯ ದಿನ ಕೆಲಸದಿಂದ ಬಂದವನು, ಕಂಪನಿ ಅಂಗಿಯಲ್ಲೇ ಹೋಗಿ, ಸಾಧುಗಳು ಹೇಗಿದ್ದಾರೆ ನೋಡೋಣ ಎಂದು ಡಬ್ಬದೊಳಗೆ ಔಷಧಿ ಮೆತ್ತಿದ ಕೈಯಾಡಿಸಿದೆ. ಬೆಳಗಿನ ಹೊತ್ತಿಗೆ ಇದ್ದಷ್ಟೂ ಅಂಗಾತ ಬಿದ್ದು ಕಾಲು ಮೇಲೆತ್ತಿದ್ದವು. ನನ್ನ ಬೆನ್ನಮೇಲಿನ ಚಿತ್ರ ಹೇಗಿದೆ ಎಂದು ನನಗೆ ಮೊದಲ ಸಲ ಗೊತ್ತಾದದ್ದು ಆಗ.

ನನ್ನ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ನಾನು ಊಟ ಮಾಡುತ್ತಿದ್ದೆ. ಅವಳು ಹೆಡ್‌ಮಾಸ್ಟರನ್ನು ಮಡಿಲಲ್ಲಿಟ್ಟುಕೊಂಡು ಹನಿ ಹನಿಯಾಗಿ ನೀರು ಕುಡಿಸುತ್ತ ಕೂತಳು. ಹನ್ನೊಂದು ದಿನ ಅದು ಉಪವಾಸವಿತ್ತು. ಹನ್ನೆರಡನೆಯ ದಿನ ಎಲ್ಲಿಂದಲೋ ಇನ್ನೊಂದು ಡಬ್ಬ ಜಿರಳೆ ತರಿಸಿದಳು. ಅದು ತಿನ್ನತೊಡಗಿತು. ಅಷ್ಟರಲ್ಲಿ ಅವಳಿಗೆ ದೂರದ ಊರಿನಲ್ಲಿ ಆರು ವಾರದ ತರಬೇತಿಗೆ ಹೋಗಬೇಕೆಂದು ಆದೇಶ ಬಂತು.

ಹೊರಡುವ ದಿನ ಅವಳು ನನ್ನನ್ನೇ ನೋಡುತ್ತ ನಿಂತಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಕೈಗೆ ಬಂದ ಯಾವ ಜೀವವೂ ಬದುಕಿದ್ದಿಲ್ಲ. ಗಾಜಿನ ತೊಟ್ಟಿಯ ಮೀನು ಹೋಯಿತು. ಗುಲಾಬಿ ಗಿಡ ಹೋಯಿತು. ನೀರು ಹಾಕದಿದ್ದರೂ ಬದುಕುವ ಕಳ್ಳಿ ಗಿಡವೊಂದನ್ನು ಯಾರೋ ಕೊಟ್ಟಿದ್ದರು. ಅದಕ್ಕೆ ನೀರು ಹಾಕಿ ಕೊಂದೆ.

"ಇವು ಸತ್ತರೆ ಅದೂ ಸಾಯುತ್ತೆ ರೀ" ಅಂದಳು. "ಇನ್ನೊಂದು ಸಲ ಉಪವಾಸ ತಡ್ಕೊಳ್ಳೋ ಶಕ್ತಿ ಅದಕ್ಕಿಲ್ಲ. ನಿಮ್ಮಿಂದ ಆಗುತ್ತಾ?"

"ಆಗುತ್ತೆ ಕಣೇ" ಅಂದೆ. ನನಗೇ ನಂಬಿಕೆ ಬರಲಿಲ್ಲ, ಅವಳಿಗೆಲ್ಲಿಂದ ಬರಬೇಕು. ಆದರೂ ಒಂದು ಹಾಳೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋದಳು.

ಆ ಹಾಳೆಯನ್ನು ನಾನು ಅಕ್ಷರಶಃ ಪಾಲಿಸಿದೆ. ನನಗೆ ಸ್ವಂತ ಬುದ್ಧಿ ಉಪಯೋಗಿಸುವ ಕೆಲಸ ಕೊಟ್ಟರೆ ಕೆಡಿಸುತ್ತೇನೆ. ಬರೆದುಕೊಟ್ಟದ್ದನ್ನು ಮಾತ್ರ ಚಾಚೂ ತಪ್ಪದೆ ಮಾಡುತ್ತೇನೆ. ಕೆಲಸದ ಬಟ್ಟೆಯಲ್ಲಿ ಮನೆಯೊಳಗೆ ಕಾಲಿಡಕೂಡದು. ಆದ್ದರಿಂದ ಕೆಳಗೆ ಗಾಡಿ ನಿಲ್ಲಿಸುವ ಜಾಗದ ಪಕ್ಕದ ಬಚ್ಚಲಲ್ಲೇ ಅಂಗಿ ಬಿಚ್ಚಿ ಮುಚ್ಚಳದ ಬಕೆಟ್ಟಿಗೆ ಹಾಕಿ, ಉಗುರಿನ ಸಂದಿ ಬಿಡದೆ ಸೋಪು ಹಚ್ಚಿ ತೊಳೆದುಕೊಂಡು, ಟವೆಲು ಸುತ್ತಿಕೊಂಡು ಮೂರು ಮಹಡಿ ಹತ್ತಿ ಬರುತ್ತಿದ್ದೆ. ಕೋಣೆ ಕತ್ತಲಿರಬೇಕು. ಕಿಟಕಿಗೆ ಕರೀ ಬಟ್ಟೆ ಹೊಡೆದೆ. ಡಬ್ಬದೊಳಗೆ ಮೂವತ್ತು ಡಿಗ್ರಿ ಶಾಖ ಇರಬೇಕು. ಔಷಧಿ ಅಂಗಡಿಯಿಂದ ಬೆನ್ನುನೋವಿನವರು ಇಟ್ಟುಕೊಳ್ಳುವ ಬಿಸಿಹಾಸು ತಂದು ಡಬ್ಬದ ಒಂದು ಪಕ್ಕಕ್ಕೆ ಒರಗಿಸಿದೆ. ದಿನಾ ಹೆಡ್‌ಮಾಸ್ಟರನ್ನು ಅಡುಗೆಮನೆ ಕಿಟಕಿಯ ಬಿಸಿಲಲ್ಲಿ ಕೂರಿಸಿ, ಹತ್ತು ಜಿರಳೆ ತಿನ್ನಿಸಿ, ತಕ್ಕಡಿಯಲ್ಲಿ ತೂಗಿ, ಹಿಂದಿನ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಅದರ ಕಲ್ಲಿನ ಮೇಲೆ ಬಿಡುತ್ತಿದ್ದೆ.

ತರಕಾರಿಯವನ ಹತ್ತಿರ ಕ್ಯಾರೆಟ್ ಒಂದೊಂದಾಗಿ ಆರಿಸುತ್ತಿದ್ದೆ. ಎಳೆಯದಾಗಿರಬೇಕು, ಕಲೆ ಇರಬಾರದು. ಸಿಪ್ಪೆ ಹೆರೆದು ಹೋಳು ಮಾಡಿ ಇಟ್ಟು, ತಿಂದು ಉಳಿದದ್ದನ್ನು ಮರುದಿನ ಬೆಳಗ್ಗೆಯೇ ತೆಗೆಯಬೇಕು, ಇಲ್ಲದಿದ್ದರೆ ಬೂಷ್ಟು. ಓಟ್ಸನ್ನು ನುಣ್ಣಗೆ ಪುಡಿ ಮಾಡಿ ಬೇರೆ ತಟ್ಟೆಯಲ್ಲಿಡಬೇಕು. ನೀರನ್ನು ಬಟ್ಟಲಲ್ಲಿ ಕೊಡಕೂಡದು. ನೀರು ಹೀರಿ ಉಬ್ಬುವ ಮಣಿಗಳನ್ನಿಡಬೇಕು. ಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆಗಳನ್ನು ಒಳಗೆ ನೆಟ್ಟಗೆ ನಿಲ್ಲಿಸಬೇಕು, ಹಿಕ್ಕೆ ಕೆಳಗೆ ಉದುರಲಿ ಎಂದು. ಮೊಟ್ಟೆ ಅಂಗಡಿಯವನು, "ಮೊಟ್ಟೆ ಬೇಡ್ವಾ ಸಾರ್?" ಅಂತ ಕೇಳಿದ. "ಬೇಡ, ಖಾಲಿ ತಟ್ಟೆ ಕೊಡು" ಅಂದೆ. ಅವನು ನನ್ನನ್ನು ಪಾಪ ಅನ್ನುವ ಹಾಗೆ ನೋಡಿ, ದುಡ್ಡು ತಗೊಳ್ಳದೆ ಒಂದು ಕಟ್ಟು ಕೊಟ್ಟ.

ಹದಿನೈದು ದಿನಕ್ಕೊಮ್ಮೆ ಹಿಕ್ಕೆ ಜರಡಿ ಹಿಡಿಯಬೇಕಿತ್ತು. ಅಡುಗೆಮನೆಯ ಹಿಟ್ಟಿನ ಜರಡಿಯನ್ನೇ ತಂದೆ. ಆಮೇಲೆ ನೋಡಿದರೆ ಕೆಳಗೆ ಬಿದ್ದ ಪುಡಿ ಮೆಲ್ಲಗೆ ನಡೆದಾಡುತ್ತಿದೆ. ಎಳ್ಳಿನ ಕಾಳಿನಷ್ಟು ಮರಿಗಳು. ನಾನು ಮೃದುವಾದ ಬಣ್ಣದ ಕುಂಚ ಹಿಡಿದು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಒಂದೊಂದನ್ನೇ ಪುಡಿಯಿಂದ ಬೇರೆ ಮಾಡಿ ಡಬ್ಬಕ್ಕೆ ಬಿಟ್ಟೆ. ಮೂರು ಗಂಟೆ ಹಿಡಿಯಿತು. ಹತ್ತೊಂಬತ್ತು ವರ್ಷ ಎಷ್ಟು ಕೊಂದೆನೋ ದೇವರಿಗೇ ಗೊತ್ತು. ಆ ಭಾನುವಾರ ನೂರಾ ಹದಿನಾರು ಬದುಕಿಸಿದೆ. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಇದನ್ನೆಲ್ಲ ಎದುರುಮನೆಯ ನರ್ಸಮ್ಮ ನೋಡುತ್ತಿದ್ದರು. ಮೂವತ್ತನಾಲ್ಕು ವರ್ಷ ದೊಡ್ಡಾಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಈಗ ನೋಡಿಕೊಳ್ಳಲು ರೋಗಿಗಳಿಲ್ಲದೆ ಅವರಿಗೆ ಕೈ ಕಟ್ಟಿದಂತಾಗಿತ್ತು. ದಿನಾ ಸಂಜೆ ಸ್ನಾನ ಮಾಡಿಯೇ ಒಳಗೆ ಹೋಗುವ ಗಂಡಸು, ಕರೀ ಬಟ್ಟೆ ಹೊಡೆದ ಕಿಟಕಿ, ಬಿಸಿಹಾಸು, ಹೆರೆದ ಕ್ಯಾರೆಟ್, ಪುಡಿ ಮಾಡಿದ ಓಟ್ಸ್, ಮತ್ತು ಮೂರು ವಾರದಿಂದ ಕಣ್ಣಿಗೆ ಬೀಳದ ಹೆಂಡತಿ. ಬೇರೆ ಯಾರಾದರೂ ಆಗಿದ್ದರೆ ಪೊಲೀಸರಿಗೆ ಹೇಳುತ್ತಿದ್ದರು. ನರ್ಸಮ್ಮ ಒಳ್ಳೆಯವರು, ಅವರು ರೋಗ ಯಾವುದು ಎಂದು ಯೋಚಿಸಿದರು.

ನನ್ನ ಫೋನಿಗೆ ಮೆಟ್ಟಿಲ ತಿರುವಿನಲ್ಲಿ ಮಾತ್ರ ಸಿಗ್ನಲ್ ಸರಿಯಾಗಿ ಸಿಗುವುದು. ತರಬೇತಿಯಲ್ಲಿ ಹಗಲೆಲ್ಲ ಫೋನು ಕಸಿದಿಡುತ್ತಿದ್ದರು, ಸಂಜೆ ಐದಕ್ಕೆ ಕೊಡುತ್ತಿದ್ದರು. ಆರು ಗಂಟೆಗೆ ಅಲ್ಲಿ ನಿಂತು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದೆ. ಒಂದು ಸಂಜೆ, "ನಿನ್ನೆ ಇಪ್ಪತ್ತಾರಕ್ಕೆ ಇಳಿದುಬಿಟ್ಟಿತ್ತು. ನನಗೆ ಕೈಕಾಲೇ ಆಡಲಿಲ್ಲ. ಈಗ ಮೂವತ್ತಕ್ಕೆ ತಂದು ನಿಲ್ಲಿಸಿದ್ದೀನಿ" ಅಂತ ಹೆಮ್ಮೆಯಿಂದ ಹೇಳಿ ಫೋನು ಇಟ್ಟು ತಿರುಗಿದರೆ, ನರ್ಸಮ್ಮ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದರು.

"ಡಾಕ್ಟರ ಹತ್ತಿರ ಮಾತಾಡಿದ್ಯಾ?"

ತಲೆಯಾಡಿಸಿದೆ. ನನ್ನ ತಲೆ ಯಾವ ಕಡೆಗೆ ಆಡಿತೋ ನನಗೇ ನೆನಪಿಲ್ಲ.

"ನೋಡಪ್ಪಾ, ನನಗೆಲ್ಲಾ ಗೊತ್ತು. ನನ್ನ ಹತ್ತಿರ ಮುಚ್ಚಿಡಬೇಡ."

ಸಭೆಯ ಪುಸ್ತಕ, ನನ್ನ ಸಹಿ, ನಮ್ಮ ಮ್ಯಾನೇಜರು, ಎಲ್ಲ ಒಟ್ಟಿಗೆ ಕಣ್ಮುಂದೆ ಬಂದವು. ಜಿರಳೆ ಹೊಡೆಯುವವನ ಮನೆಯಲ್ಲಿ ಜಿರಳೆ ಎಂದು ಗಿರಾಕಿಗಳಿಗೆ ತಿಳಿದರೆ ಕಂಪನಿ ನನ್ನನ್ನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ.

"ಯಾರಿಗೂ ಹೇಳಬೇಡಿ ನರ್ಸಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ."

"ಹೇಳಲ್ಲ. ಹೊರಗೆ ಬರೋದೇ ಇಲ್ವಾ?"

"ಎಲ್ಲಿಂದ ಬರಬೇಕು, ಗೋಡೆ ಹತ್ತೋಕಾಗಲ್ಲ."

"ಪಾಪ, ಗೋಡೆ ಹಿಡಿಯೋಕೂ ತ್ರಾಣ ಇಲ್ಲ. ನೀರು?"

"ಬಟ್ಟಲಲ್ಲಿ ಕೊಡೋ ಹಾಗಿಲ್ಲ."

"ಬೆಳಕು?"

"ಒಂದು ಚೂರೂ ಆಗಲ್ಲ. ದೀಪ ಹಾಕಿದ್ರೆ ಮೂಲೆ ಸೇರೋದೇ."

ನರ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಜಿರಳೆಗಾಗಿ ಕಣ್ಣೀರು ಹಾಕುವ ಇಂಥ ಕರುಣಾಮಯಿ ಎದುರುಮನೆಯಲ್ಲೇ ಇದ್ದದ್ದು ನನಗೆ ಇಷ್ಟು ವರ್ಷ ತಿಳಿಯಲಿಲ್ಲವಲ್ಲ ಎಂದು ನನಗೂ ಅಳು ಬಂತು. ಇಬ್ಬರೂ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತು ಅತ್ತೆವು.

ಮರುದಿನ ಸಂಜೆ ಅವರು ಒಂದು ಪಾತ್ರೆ ಬಿಸಿ ಬಿಸಿ ತರಕಾರಿ ಸೂಪು ತಂದು ಕೈಗಿಟ್ಟು, "ನಿನ್ನ ಹೆಂಡತಿಗೆ ಕುಡಿಸು, ಚಮಚದಲ್ಲಿ, ಸ್ವಲ್ಪ ಸ್ವಲ್ಪವಾಗಿ" ಅಂದಾಗಲೇ ನನ್ನ ಮಂದಬುದ್ಧಿಗೆ ಬೆಳಕು ಹರಿದದ್ದು. ಆಗಲೇ ಬಾಯಿಬಿಟ್ಟು ಹೇಳಿಬಿಡಬೇಕಿತ್ತು. ಆದರೆ ಹೇಳುವುದು ಏನೆಂದು? ನಿಮ್ಮ ಕಣ್ಣೀರು ಹೋದದ್ದು ಜಿರಳೆಗೆ ಅಂತಲೇ? ಅಲ್ಲದೆ ಸೂಪಿನ ಪರಿಮಳ ಚೆನ್ನಾಗಿತ್ತು. ಹೆಂಡತಿ ಹೋದಾಗಿನಿಂದ ನಾನು ಬ್ರೆಡ್ಡು ತಿಂದೇ ಬದುಕಿದ್ದೆ. ನಿಂತಲ್ಲೇ ಪೂರಾ ಕುಡಿದೆ.

"ಕುಡಿದಳಾ?" ಅಂತ ಮರುದಿನ ಕೇಳಿದರು.

"ಒಂದು ತೊಟ್ಟೂ ಉಳಿಸಲಿಲ್ಲ ನರ್ಸಮ್ಮ. ಉಪ್ಪು ಹದವಾಗಿತ್ತು ಅಂದಳು."

ಅಲ್ಲಿಗೆ ನನ್ನ ಕಥೆ ಮುಗಿಯಿತು. ಗುಟ್ಟು ಎಷ್ಟು ಭದ್ರವಾಗಿತ್ತೆಂದರೆ ಮೂರೇ ದಿನದಲ್ಲಿ ಹನ್ನೊಂದು ಮನೆಗೂ ಮುಟ್ಟಿತು. ಮೆಟ್ಟಿಲಲ್ಲಿ ಸಿಕ್ಕವರೆಲ್ಲ ನನ್ನ ಭುಜ ತಟ್ಟುತ್ತಿದ್ದರು. ಎರಡನೇ ಮಹಡಿಯ ದಂಪತಿಗಳಲ್ಲಿ ಹೆಂಡತಿ ಗಂಡನಿಗೆ, ನನಗೆ ಕೇಳಿಸುವ ಹಾಗೆಯೇ, "ನೋಡಿ ಕಲೀರಿ" ಅಂದರು. ನಾನು ಬಾಗಿದ ತಲೆಯಲ್ಲಿ, ತ್ಯಾಗಮಯಿಯ ನಡಿಗೆಯಲ್ಲಿ, ಟವೆಲು ಸುತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ದಿನಕ್ಕೊಂದು ಮನೆಯಿಂದ ರೋಗಿಗೆ ಊಟ ಬರುತ್ತಿತ್ತು. ರೋಗಿ ಎಲ್ಲವನ್ನೂ ತಿನ್ನುತ್ತಿದ್ದ. ಅವನ ಪ್ಯಾಂಟು ಸೊಂಟಕ್ಕೆ ಬಿಗಿಯಾಗತೊಡಗಿತು.

ಅಧ್ಯಕ್ಷರು ಸುಮ್ಮನೆ ಕೂರುವವರಲ್ಲ. ಶನಿವಾರ ನನ್ನನ್ನು ಬಿಟ್ಟು ಸಭೆ ಕರೆದರು. ಊರಿನವರ ಮನೆಯನ್ನೆಲ್ಲ ಚೊಕ್ಕಟ ಮಾಡುವ ಮನುಷ್ಯ, ಅವನ ಮನೆಯಲ್ಲೇ ರೋಗಿ ಮಲಗಿರುವಾಗ ನಾವು ಅವನಿಗೊಂದು ಉಪಕಾರ ಮಾಡಬಾರದೇ ಎಂದು ಠರಾವು ಮಾಡಿದರು. ನಮ್ಮ ಕಂಪನಿಗೇ ಫೋನು ಮಾಡಿದರು. ಮ್ಯಾನೇಜರು ಕರಗಿ ನೀರಾಗಿ, ಭಾನುವಾರ ತಾವೇ ಖುದ್ದಾಗಿ ಬಂದು ನನ್ನ ಮನೆಗೆ ಸೊಳ್ಳೆ, ನೊಣ, ಜಿರಳೆ ಎಲ್ಲಕ್ಕೂ ಸೇರಿಸಿ ಪುಕ್ಕಟೆ ಔಷಧಿ ಹೊಡೆಯುವುದಾಗಿ ಒಪ್ಪಿದರು. ಹೊಡೆಯುವಾಗ ರೋಗಿಯನ್ನು ತಮ್ಮ ಮನೆಗೆ ಸಾಗಿಸುವ ಜವಾಬ್ದಾರಿ ನರ್ಸಮ್ಮನದು. ಅವರು ಒಂದು ಗಾಲಿ ಕುರ್ಚಿ ತರಿಸಿಟ್ಟರು. ಇಷ್ಟಕ್ಕೇ ನಿಲ್ಲದೆ, ಅಧ್ಯಕ್ಷರ ರಿಜಿಸ್ಟರಿನಲ್ಲಿದ್ದ ನಂಬರು ಹುಡುಕಿ ನನ್ನ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಫೋನು ಮಾಡಿ, "ಒಂದು ಸಲ ಬಂದು ಮಗಳ ಮುಖ ನೋಡ್ಕೊಂಡು ಹೋಗಿ" ಅಂದರು.

ತರಬೇತಿ ಅಂತ ಮಗಳು ಹೇಳಿದ್ದು ರೋಗ ಮುಚ್ಚಿಡಲಿಕ್ಕೆ ಎಂದುಕೊಂಡು ಅತ್ತೆ ಅವಳಿಗೆ ಫೋನು ಹಚ್ಚಿದರು. ಮಧ್ಯಾಹ್ನ, ಸ್ವಿಚ್ ಆಫ್. ಅಷ್ಟು ಸಾಕಾಯಿತು. ಇನ್ನೊಂದು ಸಲ ಪ್ರಯತ್ನಿಸಲಿಲ್ಲ. ಅಳುವುದಕ್ಕೇ ಎರಡೂ ಕೈ ಬೇಕಿತ್ತು.

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮುಂದೆ ಮ್ಯಾನೇಜರು, ಬೆನ್ನಿಗೆ ಔಷಧಿ ಡಬ್ಬ, ಕೈಯಲ್ಲಿ ಕೊಳವೆ. ಅವರ ಹಿಂದೆ ಪುಸ್ತಕ ಹಿಡಿದ ಅಧ್ಯಕ್ಷರು, ಗಾಲಿ ಕುರ್ಚಿ ಹಿಡಿದ ನರ್ಸಮ್ಮ, ಮೆಟ್ಟಿಲ ತುಂಬ ಕಟ್ಟಡದ ಜನ. ಮ್ಯಾನೇಜರು ನನ್ನ ಕೈ ಹಿಡಿದು, "ಇಷ್ಟು ದೊಡ್ಡ ಕಷ್ಟ ಇಟ್ಕೊಂಡು ಒಂದು ದಿನ ರಜೆ ಕೇಳಲಿಲ್ಲವಲ್ಲಯ್ಯಾ" ಅಂದರು. "ಸರಿ, ದಾರಿ ಬಿಡು."

ನಾನು ಬಾಗಿಲ ಎರಡೂ ಪಕ್ಕಕ್ಕೆ ಕೈ ಚಾಚಿ ನಿಂತೆ. "ಔಷಧಿ ಬೇಡ ಸಾರ್."

"ಯಾಕೆ?"

"ಜೀವಕ್ಕೆ ಅಪಾಯ ಸಾರ್."

"ಮಗು ತೊಟ್ಟಿಲಲ್ಲಿದ್ರೂ ಏನೂ ಆಗಲ್ಲ ಅಂತ ದಿನಾ ಹತ್ತು ಮನೆಗೆ ನೀನೇ ಹೇಳ್ತೀಯಲ್ಲಯ್ಯಾ."

ಹೌದು, ನಾನೇ ಹೇಳುತ್ತೇನೆ. ಅಷ್ಟರಲ್ಲಿ ಕೆಳಗಿನಿಂದ ಜನರನ್ನು ಸರಿಸುತ್ತ ಅತ್ತೆ ಹತ್ತಿ ಬಂದರು. ಕಣ್ಣು ಊದಿಕೊಂಡಿತ್ತು.

"ಅಳಿಯಂದಿರೇ, ನನ್ನ ಮಗಳನ್ನ ತೋರಿಸಿ."

"ಅತ್ತೆ, ಅವಳು ಇಲ್ಲ."

ಅತ್ತೆ ಗಾಲಿ ಕುರ್ಚಿಯಲ್ಲಿ ಕುಸಿದು ಕೂತರು. ಮೆಟ್ಟಿಲುದ್ದಕ್ಕೂ ಗೊಳೋ ಎಂದು ಅಳು ಎದ್ದಿತು. ಅಧ್ಯಕ್ಷರು ಗಡಿಯಾರ ನೋಡಿ ಹೊತ್ತು ಬರೆದುಕೊಂಡರು.

"ಅಯ್ಯೋ, ಸತ್ತಿಲ್ಲ, ಟ್ರೈನಿಂಗ್‌ಗೆ ಹೋಗಿದ್ದಾಳೆ" ಅಂದೆ.

ನರ್ಸಮ್ಮ ನನ್ನ ನಾಡಿ ಹಿಡಿದು ನೋಡಿದರು. "ಆಘಾತಕ್ಕೆ ಹೀಗಾಗುತ್ತೆ. ನಾನು ಎಷ್ಟೋ ಜನರನ್ನ ನೋಡಿದ್ದೀನಿ. ಮೈಶಾಖ ಮೂವತ್ತು ಡಿಗ್ರಿಗೆ ಇಳಿದ ಮನುಷ್ಯ ಉಳಿಯೋದು ಉಂಟಾ?"

ಮ್ಯಾನೇಜರು ಇನ್ನು ಮಾತಿನಿಂದ ಪ್ರಯೋಜನವಿಲ್ಲವೆಂದು ಕೊಳವೆಯ ತುದಿ ತಿರುಗಿಸಿದರು. ಬಾಗಿಲ ಸಂದಿಗೆ ಒಂದು ಹನಿ ಬಿತ್ತು. ಹತ್ತೊಂಬತ್ತು ವರ್ಷ ಮೂಗಿಗೆ ಹೂವಿನ ಹಾಗಿದ್ದ ಆ ವಾಸನೆಗೆ ಮೊದಲ ಸಲ ಮುಖ ತಿರುಗಿಸಿದೆ. ಕತ್ತಲ ಕೋಣೆಯಲ್ಲಿ ಕಲ್ಲಿನ ಮೇಲೆ ಕೂತು ಬೆಳಗಿನ ತಿಂಡಿಗೆ ಕಾಯುತ್ತಿದ್ದ ಹೆಡ್‌ಮಾಸ್ಟರ್ ನೆನಪಾಯಿತು. ಅಂದು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಡತಿಯೂ ನೆನಪಾದಳು.

"ಒಳಗಿರೋದು ಜಿರಳೆ ಸಾರ್" ಅಂದೆ. "ಸಾವಿರದಷ್ಟಿವೆ. ನಾನೇ ಸಾಕಿದ್ದೀನಿ. ನನ್ನ ಕೆಲಸ ತೆಗೀರಿ, ಮನೆ ಖಾಲಿ ಮಾಡಿಸಿ, ಆದರೆ ಆ ಕೊಳವೆ ಕೆಳಗಿಡಿ."

ಯಾರೂ ನಂಬಲಿಲ್ಲ. ಪಾಪ, ತಲೆಗೇರಿದೆ ಅಂದರು. ಕೊನೆಗೆ ಅತ್ತೆ ಎದ್ದು, "ನಾನು ನೋಡ್ತೀನಿ, ನಡೀರಿ" ಅಂದಾಗ ಬೇರೆ ದಾರಿ ಉಳಿಯಲಿಲ್ಲ.

"ನೋಡಬಹುದು" ಅಂದೆ. "ಆದರೆ ಫ್ರಿಜ್ಜಿನ ಮೇಲಿನ ಹಾಳೆ ಪ್ರಕಾರ."

ಎಲ್ಲರ ಕೈಯನ್ನೂ ಮೊಣಕೈವರೆಗೆ ಸೋಪು ಹಚ್ಚಿ ತೊಳೆಸಿದೆ. ಚಪ್ಪಲಿ ಹೊರಗೆ. ಔಷಧಿ ಡಬ್ಬ ಒಂದು ಮಹಡಿ ಕೆಳಗೆ. ಮ್ಯಾನೇಜರ ಸರದಿ ಬಂದಾಗ, "ಅಂಗಿ ಬಿಚ್ಚಿ ಸಾರ್" ಅಂದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಅವರಿಗೆ ಕೊಟ್ಟ ಮೊದಲ ಆಜ್ಞೆ. ಅವರು ನನ್ನ ಮುಖ ನೋಡಿದರು. ಹುಚ್ಚು ಹಿಡಿದವನ ಜೊತೆ ವಾದ ಮಾಡಬಾರದೆಂದೋ ಏನೋ, ಸುಮ್ಮನೆ ಬಿಚ್ಚಿದರು. ಬನೀನಿನಲ್ಲಿ ಮ್ಯಾನೇಜರು, ಒದ್ದೆ ಕೈಯ ಅಧ್ಯಕ್ಷರು, ನರ್ಸಮ್ಮ, ಅತ್ತೆ, ಸಾಲಾಗಿ ಕತ್ತಲ ಕೋಣೆ ಹೊಕ್ಕರು. ನಾನು ಸಣ್ಣ ಟಾರ್ಚು ಹಾಕಿ ಡಬ್ಬದ ಮುಚ್ಚಳ ತೆಗೆದೆ.

ಡಬ್ಬದೊಳಗೆ ಸರಸರ ಸದ್ದು.

ಮೊದಲು ಬಾಯಿಬಿಟ್ಟವರು ಅಧ್ಯಕ್ಷರು. ಪುಸ್ತಕದ ಹಾಳೆ ತಿರುವಿ, ನನ್ನ ಸಹಿಯ ಮೇಲೆ ಬೆರಳಿಟ್ಟು, "ಮೀಸೆ ತೋರಿಸಿದರೆ ಅಂತ ಇದೆ" ಅಂದರು. ಆಮೇಲೆ ಡಬ್ಬದ ಕಡೆ ನೋಡಿ, "ಇಲ್ಲಿ ಮೀಸೆ ಬಹಳ ಇವೆ" ಅಂದರು. ಸ್ವಲ್ಪ ಹೊತ್ತು ಯೋಚಿಸಿ, ಬೇಕೆಂದೇ ಸಾಕಿದವು ಈ ಮಾತಿಗೆ ಸೇರುವುದಿಲ್ಲ ಎಂದು ತಾವೇ ಅಂಚಿನಲ್ಲಿ ಬರೆದು, ತಾವೇ ಸಹಿ ಹಾಕಿದರು. ದೊಡ್ಡ ಮನುಷ್ಯರು.

ನರ್ಸಮ್ಮ ಡಬ್ಬದ ಮೇಲೆ ಬಗ್ಗಿ ಮೂಸಿದರು. ಒಳಗೆ ಬೆರಳಿಟ್ಟು ತಳ ಮುಟ್ಟಿದರು. "ವಾಸನೆ ಇಲ್ಲ. ಎಲ್ಲೂ ಒದ್ದೆ ಇಲ್ಲ. ಬೂಷ್ಟಿಲ್ಲ. ನನ್ನ ವಾರ್ಡನ್ನ ಇಷ್ಟು ಚೆನ್ನಾಗಿಟ್ಕೊಳ್ಳೋಕೆ ನಾನು ಎಷ್ಟು ಜನರ ಹತ್ತಿರ ಜಗಳ ಆಡಿದ್ದೀನಿ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಹಾಗಾದರೆ ಸೂಪು ಯಾರು ಕುಡಿದ್ರು?"

"ನಾನೇ."

"ಉಪ್ಪು ಹದವಾಗಿದೆ ಅಂದಿದ್ದು?"

"ಅದು ಮಾತ್ರ ನಿಜ ನರ್ಸಮ್ಮ."

ಅತ್ತೆಗೆ ಇದಾವುದೂ ಬೇಕಿರಲಿಲ್ಲ. "ನನ್ನ ಮಗಳು ಎಲ್ಲಿ?" ಎಂದು ಮತ್ತೆ ಕೇಳಿದರು. ಭಾನುವಾರವಾದ್ದರಿಂದ ಅವಳ ಫೋನು ಅವಳ ಕೈಯಲ್ಲೇ ಇತ್ತು. ಮೆಟ್ಟಿಲಿಗೆ ಓಡಿ ವೀಡಿಯೊ ಕರೆ ಹಚ್ಚಿ, ಸಿಗ್ನಲ್ ತಪ್ಪದ ಹಾಗೆ ಕೈ ಮೇಲೆತ್ತಿಕೊಂಡೇ ಕೋಣೆಗೆ ಬಂದೆ. ಪರದೆಯ ಮೇಲೆ ಅವಳ ಮುಖ ಕಂಡಿತು, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ತಾಯಿಯನ್ನು ಕಂಡಳು, ಜನರನ್ನು ಕಂಡಳು, ಬನೀನಿನಲ್ಲಿದ್ದ ನಮ್ಮ ಮ್ಯಾನೇಜರನ್ನು ಕಂಡಳು. ಅವ್ಯಾವುದರ ಬಗ್ಗೆಯೂ ಒಂದು ಮಾತು ಕೇಳಲಿಲ್ಲ. ಬಣ್ಣಗೆಟ್ಟ ಮುಖದಲ್ಲಿ, "ಹೋಯ್ತಾ ರೀ?" ಅಂದಳು.

"ಇಲ್ಲ ಕಣೇ."

"ಅಮ್ಮ, ಒಂದು ನಿಮಿಷ ಅಳು ನಿಲ್ಲಿಸು. ರೀ, ಫೋನು ಹತ್ತಿರ ಹಿಡೀರಿ."

ಹೆಡ್‌ಮಾಸ್ಟರ್ ಹತ್ತಿರ ಹಿಡಿದೆ. ಅದು ಜನರನ್ನು ಕಂಡು ಗಡ್ಡ ಉಬ್ಬಿಸಿತು. ತಕ್ಕಡಿಯ ಮೇಲೆ ಕೂರಿಸಿ ತೋರಿಸಿದೆ. ಹೋಗುವಾಗ ಇನ್ನೂರ ಹತ್ತು ಗ್ರಾಂ ಇದ್ದದ್ದು ಇನ್ನೂರ ಎಂಬತ್ತಾಗಿತ್ತು. ಆಮೇಲೆ ಡಬ್ಬದ ಹತ್ತಿರ ಹಿಡಿದೆ. ರಟ್ಟಿನ ತಟ್ಟೆಯೊಂದನ್ನು ಮೆಲ್ಲಗೆ ಎತ್ತಿದಾಗ ಕೆಳಗಿನಿಂದ ಮರಿಗಳು ಚೆದುರಿದವು.

"ಮರಿಗಳಾ?"

"ಹೂಂ. ನಾನೂರು ದಾಟಿವೆ."

ಅವಳು ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟಳು. "ದಿನಾ ಸಂಜೆ ನೀವು ಹೇಳ್ತಿದ್ದಿರಲ್ಲ, ಎಲ್ಲಾ ಚೆನ್ನಾಗಿದೆ ಅಂತ. ನಾನು ಒಂದು ದಿನವೂ ನಂಬಿರಲಿಲ್ಲ ರೀ. ಮೊದಲನೇ ವಾರವೇ ಸತ್ತುಹೋಗಿರುತ್ತೆ, ನನಗೆ ದುಃಖ ಆಗಬಾರದು ಅಂತ ಸುಳ್ಳು ಹೇಳ್ತಿದ್ದಾರೆ ಅಂದ್ಕೊಂಡಿದ್ದೆ." ಮೂಗೊರೆಸಿಕೊಂಡಳು. "ಬಹಳ ಚೆನ್ನಾಗಿ ನೋಡ್ಕೊಂಡಿದ್ದೀರಿ."

ಹದಿನಾಲ್ಕು ವರ್ಷದಲ್ಲಿ ನನ್ನ ಯಾವುದಾದರೂ ಕೆಲಸಕ್ಕೆ ಅವಳು ಹಾಗೆ ಹೇಳಿದ್ದು ಅದೇ ಮೊದಲು. ಅತ್ತೆ, ಮೇಲಧಿಕಾರಿ, ಇಡೀ ಕಟ್ಟಡದ ಜನ ಎದುರಿಗಿದ್ದರು. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಜಿರಳೆ ಡಬ್ಬ ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಡಬ್ಬದೊಳಗೆ ಕಣ್ಣೀರು ಬಿದ್ದು ತೇವವಾದೀತೆಂದು ನರ್ಸಮ್ಮ ಮುಚ್ಚಳ ಹಾಕಿದರು.

ಜನರೆಲ್ಲ ಚೆದುರಿದ ಮೇಲೂ ಮ್ಯಾನೇಜರು ಬನೀನಿನಲ್ಲೇ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಕೆಲಸದಿಂದ ತೆಗೆಯುವ ಮಾತು ಹೇಗೆ ಶುರು ಮಾಡುವುದೆಂದು ಯೋಚಿಸುತ್ತಿದ್ದಾರೆ ಎಂದುಕೊಂಡೆ.

"ಏನಯ್ಯಾ" ಅಂದರು ಕೊನೆಗೆ, "ಹೊಸ ಔಷಧಿ ಬಂದಾಗಲೆಲ್ಲ ಪರೀಕ್ಷೆ ಮಾಡೋಕೆ ಹೊರಗಿನಿಂದ ಜಿರಳೆ ತರಿಸ್ತೀವಿ. ಬರೋಷ್ಟರಲ್ಲೇ ಅರೆಜೀವ ಆಗಿರ್ತವೆ. ಔಷಧಿಗೆ ಸತ್ತವೋ ಪ್ರಯಾಣಕ್ಕೆ ಸತ್ತವೋ ಗೊತ್ತೇ ಆಗಲ್ಲ. ಇವು ಎಷ್ಟು ಆರೋಗ್ಯವಾಗಿವೆ ನೋಡು. ತಿಂಗಳಿಗೆ ಇನ್ನೂರು ಕೊಡು. ಪರೀಕ್ಷಾ ವಿಭಾಗಕ್ಕೆ ನಿನ್ನನ್ನೇ ಮುಖ್ಯಸ್ಥ ಮಾಡ್ತೀನಿ. ಬೆನ್ನಿಗೆ ಡಬ್ಬ ಹೊರೋದು ತಪ್ಪುತ್ತೆ."

ಹತ್ತೊಂಬತ್ತು ವರ್ಷ ಈ ಮಾತಿಗೇ ಕಾಯುತ್ತಿದ್ದೆ. ಬಾಯಿ ತೆರೆದೆ. ಆಗ ತಟ್ಟೆಯ ಅಂಚಿನಲ್ಲಿ ಒಂದು ಮರಿ ಬೆಳಗ್ಗೆ ಪೊರೆ ಕಳಚಿ, ಬೆಳ್ಳಗೆ, ಇನ್ನೂ ಗಟ್ಟಿಯಾಗದ ಮೈಯಲ್ಲಿ ಕೂತಿತ್ತು. ಮುಟ್ಟಿದರೆ ಹೋದೀತು ಎಂದು ಬೆಳಗ್ಗೆಯಿಂದ ನಾನು ಆ ತಟ್ಟೆಗೆ ಕೈ ಹಚ್ಚಿರಲಿಲ್ಲ.

"ಆಗಲ್ಲ ಸಾರ್."

"ಯಾಕಯ್ಯಾ? ಆ ಓತಿಕ್ಯಾತಕ್ಕೆ ದಿನಾ ಹತ್ತು ಕೊಡ್ತೀಯ. ನನಗೆ ಕೊಡೋಕೆ ಏನು ಕಷ್ಟ?"

"ಅದು ತಿನ್ನುತ್ತೆ ಸಾರ್. ನೀವು ತಿನ್ನಲ್ಲ."

ಮ್ಯಾನೇಜರು ಎದ್ದು, ಅಂಗಿ ಹಾಕಿಕೊಂಡು ಇಳಿದು ಹೋದರು. ಸೋಮವಾರ ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ಒಂದು ಚೀಟಿ ಇತ್ತು. ಜಿರಳೆ ವಿಭಾಗಕ್ಕೆ ನಾನು ಇನ್ನು ನಂಬಿಕಸ್ಥನಲ್ಲವಾದ್ದರಿಂದ ನನ್ನನ್ನು ಗೆದ್ದಲು ವಿಭಾಗಕ್ಕೆ ವರ್ಗ ಮಾಡಲಾಗಿದೆ ಎಂದು ಬರೆದಿದ್ದರು. ಈಗ ಅಲ್ಲೇ ಇದ್ದೇನೆ. ಗೋಡೆಗೆ ತೂತು ಕೊರೆದು, ಔಷಧಿ ಬಿಟ್ಟು, ಮುಚ್ಚಿ ಬರುವುದು. ತೂತಿನೊಳಗೆ ಮಾತ್ರ ಇಣುಕಿ ನೋಡುವುದಿಲ್ಲ. ಒಂದು ಸಲ ಪರಿಚಯವಾಗಿಬಿಟ್ಟರೆ ಕಷ್ಟ, ಮರಿಗಿರಿ ಇದ್ದಾವು.